ಒಂದು ಬಲ್ಬಿನ ಬೆಲೆ ಎಷ್ಟು?

ರಾತ್ರಿ ಎಂಟು ಗಂಟೆ. ಊಟದ ಕೆಲಸ ಮುಗಿಯಿತು. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಮಡಿಲಲ್ಲಿ ಸೂಪು ಇಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಾರೆ. ಎಲೆ ಕತ್ತರಿಸಬೇಕು. ಹೊಗೆಸೊಪ್ಪು ತುಂಬಬೇಕು. ಸುರುಳಿ ಸುತ್ತಬೇಕು. ನೂಲು ಕಟ್ಟಬೇಕು. ಬೆಳಕು ಸರಿ ಇಲ್ಲದಿದ್ದರೆ ಬೀಡಿ ಕೆಡುತ್ತದೆ. ಕೆಟ್ಟ ಬೀಡಿಯನ್ನು ಮರುದಿನ ಬ್ರಾಂಚಿನಲ್ಲಿ ತೆಗೆದು ಆಚೆ ಹಾಕುತ್ತಾರೆ. ಅದಕ್ಕೆ ಮಜೂರಿ ಇಲ್ಲ.

ಅದೇ ಬಲ್ಬಿನ ಕೆಳಗೆ ಮಕ್ಕಳು ಓದುತ್ತಾರೆ. ಅದೇ ಬೆಳಕಿನಲ್ಲಿ ನಾವು ಅಕ್ಷರ ಕಲಿತೆವು. ಹಾಗಾದರೆ ಬಲ್ಬು ಸಣ್ಣ ವಸ್ತುವೇ? ಅಲ್ಲ. ಅದು ನಮ್ಮ ಸಂಪಾದನೆಗೆ ಬೇಕು. ನಮ್ಮ ಕಣ್ಣಿಗೆ ಬೇಕು.

ಒಂದು ದಿನ ನಾವು ನಾಲ್ಕು ಜನ ಹಂಪನಕಟ್ಟೆಗೆ ಬಲ್ಬು ತರಲು ಹೋದೆವು. ಅಂಗಡಿಯ ಅಣ್ಣ ಎರಡು ಪೆಟ್ಟಿಗೆ ಮುಂದಿಟ್ಟರು. ಎರಡರಲ್ಲೂ 9 ವಾಟ್ ಎಂದು ಬರೆದಿತ್ತು. ಎರಡೂ ಎಲ್‌ಇಡಿ ಬಲ್ಬು. ಒಂದಕ್ಕೆ 40 ರೂಪಾಯಿ. ಇನ್ನೊಂದಕ್ಕೆ 100 ರೂಪಾಯಿ.

“ಇದೆಂಥದು ಅಣ್ಣ? ಒಂದೇ ಸೈಜು, ಒಂದೇ ವಾಟ್. ಬೆಲೆ ಮಾತ್ರ ಎರಡೂವರೆ ಪಟ್ಟು ಯಾಕೆ?” ಎಂದು ಕೇಳಿದೆವು.

“ಪೆಟ್ಟಿಗೆಯಲ್ಲಿ ಬರೆದದ್ದು ಉಂಟಲ್ಲ ಅಕ್ಕ, ಓದಿ ನೋಡಿ” ಎಂದರು ಅವರು.

ನಾವು ಓದಿದೆವು. ಓದಿ ತಿಳಿದದ್ದನ್ನು, ಆಮೇಲೆ ಕೇಳಿ ತಿಳಿದದ್ದನ್ನು ಇಲ್ಲಿ ನಿಮಗೆ ಹೇಳುತ್ತೇವೆ.

ಚಿಮಿಣಿಯಿಂದ ಎಲ್‌ಇಡಿಗೆ

ನಮ್ಮ ಅಜ್ಜಿಯರ ಕಾಲದಲ್ಲಿ ಚಿಮಿಣಿ ದೀಪ ಇತ್ತು. ಯಕ್ಷಗಾನದ ಬಯಲಾಟಕ್ಕೆ ಗ್ಯಾಸ್‌ಲೈಟ್ ಇತ್ತು. ಆಮೇಲೆ ಕರೆಂಟು ಬಂತು. ಬಡವರ ಮನೆಗೆ ಸರಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದು ಬಲ್ಬಿನ ಸಂಪರ್ಕ ಸಿಕ್ಕಿತು. ಆಗಿನದು ಹಳದಿ ಬೆಳಕಿನ ಗಾಜಿನ ಬಲ್ಬು.

ಆ ಬಲ್ಬು ನಮ್ಮ ರಾಜ್ಯದಲ್ಲೂ ತಯಾರಾಗುತ್ತಿತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಎಂಬ ಕಾರ್ಖಾನೆ ಇತ್ತು. 1936ರಲ್ಲಿ, ಮೈಸೂರು ಅರಸರ ಕಾಲದಲ್ಲಿ ಅದು ಶುರುವಾಯಿತು. ಆಮೇಲೆ ರಾಜ್ಯ ಸರಕಾರದ ಕೈಗೆ ಬಂತು. ಆದರೆ ನಷ್ಟ ಬೆಳೆಯಿತು. 2003ರಲ್ಲಿ ಕಾರ್ಖಾನೆ ಮುಚ್ಚಿತು. ಎಲ್‌ಇಡಿ ಬಲ್ಬು ಮನೆ ಮನೆಗೆ ಬಂದದ್ದು ಅದರ ಎಷ್ಟೋ ವರ್ಷದ ನಂತರ. ಬಲ್ಬಿನ ವ್ಯಾಪಾರ ಮೊದಲಿನಿಂದಲೂ ಸುಲಭದ ವ್ಯಾಪಾರ ಅಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಳದಿ ಬಲ್ಬಿನ ಜೊತೆಗೆ ಟ್ಯೂಬ್‌ಲೈಟ್ ಇತ್ತು. ಅದಕ್ಕೆ ಚೋಕ್ ಬೇಕು, ಸ್ಟಾರ್ಟರ್ ಬೇಕು. ನಂತರ ಸುರುಳಿಯಂಥ ಸಿಎಫ್‌ಎಲ್ ದೀಪ ಬಂತು. ಇವೆರಡರ ಒಳಗೂ ಸ್ವಲ್ಪ ಪಾದರಸ ಇರುತ್ತದೆ. ಪಾದರಸ ವಿಷ. ಹಾಗಾಗಿ ಹಳೇ ಟ್ಯೂಬ್ ಮನೆಯಲ್ಲಿದ್ದರೆ ಒಡೆಯಬೇಡಿ. ಮಕ್ಕಳ ಕೈಗೆ ಕೊಡಬೇಡಿ.

ಈಗ ಅಂಗಡಿಗೆ ಹೋದರೆ ಎಲ್ಲ ಕಡೆ ಎಲ್‌ಇಡಿ. ಚೋಕ್ ಮತ್ತು ಸ್ಟಾರ್ಟರ್ ಕೇಳುವವರು ಕಡಿಮೆ. ಇಷ್ಟು ಬೇಗ ಯಾಕೆ ಹೀಗಾಯಿತು?

ಬಿಸಿಗೆ ಯಾಕೆ ದುಡ್ಡು ಕೊಡಬೇಕು?

ಉರಿಯುತ್ತಿರುವ ಹಳದಿ ಬಲ್ಬಿನ ಹತ್ತಿರ ಕೈ ಹಿಡಿದರೆ ಸುಡುತ್ತದೆ. ಯಾಕೆ? ಅದರ ಒಳಗೆ ತೆಳ್ಳಗಿನ ತಂತಿ ಉಂಟು. ಕರೆಂಟು ಹರಿದಾಗ ಆ ತಂತಿ ಕಾಯುತ್ತದೆ. ಕಾದು ಕೆಂಪಾಗಿ, ಬಿಳಿಯಾಗಿ ಹೊಳೆಯುತ್ತದೆ. ನೂರು ಪಾಲು ಕರೆಂಟಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗಿ ಹೋಗುತ್ತದೆ. ಬೆಳಕು ಸಿಗುವುದು ಉಳಿದ ಸ್ವಲ್ಪ ಪಾಲಿನಿಂದ ಮಾತ್ರ.

ಎಲ್‌ಇಡಿಯಲ್ಲಿ ತಂತಿ ಇಲ್ಲ. ಅದರಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಚಿಪ್ಪುಗಳಿವೆ. ಕರೆಂಟು ಹರಿದಾಗ ಚಿಪ್ಪು ನೇರವಾಗಿ ಬೆಳಕು ಕೊಡುತ್ತದೆ. ಬಿಸಿ ಕಡಿಮೆ, ಬೆಳಕು ಜಾಸ್ತಿ. ಇಂಥ ಬಿಳಿ ಬೆಳಕು ಸಿಗಬೇಕಾದರೆ ಮೊದಲು ನೀಲಿ ಬೆಳಕಿನ ಚಿಪ್ಪು ಬೇಕಾಗಿತ್ತು. ಅದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು.

ಈಗ ಲೆಕ್ಕ ಮಾಡೋಣ. ಬಲ್ಬು ದಿನಕ್ಕೆ 5 ಗಂಟೆ ಉರಿಯುತ್ತದೆ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 30 ದಿನ. ಅಂದರೆ 150 ಗಂಟೆ. ಒಂದು ಯೂನಿಟ್ ಎಂದರೆ 1000 ವಾಟ್ ಒಂದು ಗಂಟೆ ಉರಿದಷ್ಟು ಕರೆಂಟು.

60 ವಾಟಿನ ಹಳದಿ ಬಲ್ಬು: 60 ಗುಣಿಸು 150, ಅಂದರೆ 9000. ಅದು 9 ಯೂನಿಟ್.

9 ವಾಟಿನ ಎಲ್‌ಇಡಿ: 9 ಗುಣಿಸು 150, ಅಂದರೆ 1350. ಅದು ಒಂದೂ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು.

ಬೆಳಕಿನಲ್ಲಿ ಎಲ್‌ಇಡಿ ಕಡಿಮೆಯೇನಲ್ಲ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯೋಣ. ಹಳದಿ ಬಲ್ಬಿಗೆ ತಿಂಗಳಿಗೆ 54 ರೂಪಾಯಿ. ಎಲ್‌ಇಡಿಗೆ 8 ರೂಪಾಯಿ ಚಿಲ್ಲರೆ. ತಿಂಗಳಿಗೆ ಹತ್ತಿರ ಹತ್ತಿರ 46 ರೂಪಾಯಿ ಉಳಿಯಿತು. ವರ್ಷಕ್ಕೆ 550 ರೂಪಾಯಿ ಉಳಿಯಿತು. ಅದೂ ಒಂದೇ ಬಲ್ಬಿಗೆ!

ಬೆಲೆ ಇಳಿದದ್ದು ಹೇಗೆ?

ಎಲ್‌ಇಡಿ ಬಲ್ಬು ಮೊದಲು ಬಂದಾಗ ನಮ್ಮಂಥವರು ಅದನ್ನು ಮುಟ್ಟುವ ಹಾಗೆ ಇರಲಿಲ್ಲ. ಅಷ್ಟು ಬೆಲೆ. ಬೆಲೆ ಜಾಸ್ತಿ ಎಂದು ಜನ ಕೊಳ್ಳಲಿಲ್ಲ. ಜನ ಕೊಳ್ಳಲಿಲ್ಲ ಎಂದು ಕಂಪನಿಯವರು ಹೆಚ್ಚು ತಯಾರಿಸಲಿಲ್ಲ. ಹೆಚ್ಚು ತಯಾರಾಗದೆ ಬೆಲೆ ಇಳಿಯಲಿಲ್ಲ.

ಈ ಗಂಟು ಬಿಚ್ಚಿದ್ದು ಹೇಗೆ? ನಮ್ಮ ಮಹಿಳಾ ಸಂಘದಲ್ಲಿ ಒಂದು ಕೆಲಸ ಮಾಡುತ್ತೇವಲ್ಲ, ಹಾಗೆಯೇ. ಒಬ್ಬಳೇ ಹೋಗಿ ಎರಡು ಕಿಲೋ ಕುಚ್ಚಲಕ್ಕಿ ಕೇಳಿದರೆ ಒಂದು ದರ. ಹತ್ತು ಮನೆಯವರು ಸೇರಿ ಮುಡಿಗಟ್ಟಲೆ ಕೇಳಿದರೆ ಇನ್ನೊಂದು ದರ. ದೇಶವೂ ಹಾಗೆಯೇ ಮಾಡಿತು. ಸರಕಾರಿ ವಲಯದ ಇಇಎಸ್‌ಎಲ್ ಕಂಪನಿ ಎಲ್ಲರ ಪರವಾಗಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಬಲ್ಬು ಕೊಳ್ಳಲು ಟೆಂಡರ್ ಕರೆಯಿತು. ಯಾರು ಕಡಿಮೆ ದರ ಹೇಳುತ್ತಾರೋ ಅವರಿಗೆ ಆರ್ಡರ್.

2014ರ ಶುರುವಿನಲ್ಲಿ ಆ ಕಂಪನಿ ಒಂದು ಬಲ್ಬಿಗೆ ಕೊಟ್ಟ ದರ 310 ರೂಪಾಯಿ. 2016ರಲ್ಲಿ ಅದು 38 ರೂಪಾಯಿಗೆ ಇಳಿಯಿತು. ಮೂರು ವರ್ಷ ಆಗುವುದರೊಳಗೆ ಬೆಲೆ ಎಂಟರಲ್ಲಿ ಒಂದು ಪಾಲು! ಅದೇ ಹೊತ್ತಿಗೆ ಪ್ರಪಂಚದಲ್ಲೆಲ್ಲ ಚಿಪ್ಪಿನ ತಯಾರಿ ಹೆಚ್ಚಿತು. ಚಿಪ್ಪಿನ ಬೆಲೆಯೂ ಇಳಿಯಿತು. ಎರಡೂ ಸೇರಿ ಬಲ್ಬು ಅಗ್ಗವಾಯಿತು.

ಈ ಯೋಜನೆಗೆ ಉಜಾಲಾ ಎಂದು ಹೆಸರು. 2015ರ ಜನವರಿಯಲ್ಲಿ ಅದು ದೇಶದಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರಿಟ್ಟರು. ನಮ್ಮಲ್ಲಿ ಮೊದಲು ಕೊಟ್ಟದ್ದು 9 ವಾಟಿನ ಬಲ್ಬು. ಸಾಗಣೆ, ತೆರಿಗೆ, ಗ್ಯಾರಂಟಿ ಎಲ್ಲ ಸೇರಿ 100 ರೂಪಾಯಿ. ಕೆಟ್ಟರೆ ಮೂರು ವರ್ಷದವರೆಗೆ ಬದಲಾಯಿಸಿ ಕೊಡುವ ಮಾತು ಇತ್ತು. ದೇಶದಲ್ಲಿ ಈ ಯೋಜನೆಯಿಂದ ಹೋದ ಬಲ್ಬುಗಳು 36 ಕೋಟಿಗೂ ಹೆಚ್ಚು.

ಅಗ್ಗದಲ್ಲಿ ಎರಡು ಬಗೆ

ಇಲ್ಲಿ ಒಂದು ಮಾತು ಗಮನಿಸಬೇಕು. ಅಗ್ಗ ಎಂದರೆ ಎಲ್ಲವೂ ಒಂದೇ ಅಲ್ಲ.

ಎಲ್ಲರೂ ಸೇರಿ ಕೊಂಡದ್ದರಿಂದ ಬೆಲೆ ಇಳಿದರೆ ಅದು ನ್ಯಾಯದ ಅಗ್ಗ. ಮಾಲನ್ನೇ ಕದ್ದು ಬೆಲೆ ಇಳಿಸಿದರೆ ಅದು ಮೋಸದ ಅಗ್ಗ. ಬಲ್ಬಿನಲ್ಲಿ ಮಾಲು ಕದಿಯುವುದು ಹೇಗೆ?

ಎಲ್‌ಇಡಿ ಬಲ್ಬಿನ ಒಳಗೆ ಚಿಪ್ಪಿನ ಜೊತೆ ಡ್ರೈವರ್ ಎಂಬ ಭಾಗ ಇರುತ್ತದೆ. ಕರೆಂಟನ್ನು ಹದ ಮಾಡಿ ಚಿಪ್ಪಿಗೆ ಕೊಡುವುದು ಅದರ ಕೆಲಸ. ಕೆಳಗಿನ ಬುರುಡೆ ಬಿಸಿಯನ್ನು ಹೊರಗೆ ಹಾಕುತ್ತದೆ. ಡ್ರೈವರ್‌ನಲ್ಲಿ ಕಳಪೆ ಮಾಲು ಹಾಕಿದರೆ ಬಲ್ಬು ಬೇಗ ಹೋಗುತ್ತದೆ. ಬುರುಡೆ ತೆಳ್ಳಗಾದರೆ ಚಿಪ್ಪು ಕಾದು ಬೆಳಕು ಮಂಕಾಗುತ್ತದೆ. ಪೆಟ್ಟಿಗೆಯಲ್ಲಿ 9 ವಾಟ್ ಎಂದು ಅಚ್ಚು ಹಾಕಿ, ಒಳಗೆ ಕಡಿಮೆ ಬೆಳಕಿನ ಚಿಪ್ಪು ಇಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಒಬ್ಬ ಅಕ್ಕನಿಗೆ ಹೀಗೆ ಆಯಿತು. ರಸ್ತೆ ಬದಿಯಲ್ಲಿ ಎರಡು ಬಲ್ಬು ಕೊಂಡರು. ಬಿಲ್ಲು ಇಲ್ಲ. ಮೊದಲ ಮಳೆಗೆ ಗುಡುಗು ಸಿಡಿಲು ಬಂತು, ಕರೆಂಟು ಹೋಗಿ ಬಂತು. ಎರಡೂ ಬಲ್ಬು ಮಿಣಮಿಣ ಎಂದು ಆರಿಹೋದವು. ತಿಂಗಳು ತುಂಬಿರಲಿಲ್ಲ. ಮಾರಿದವನು ಆ ಜಾಗದಲ್ಲಿ ಇರಲಿಲ್ಲ. “ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಎಂಬತ್ತು ಕಳಕೊಂಡೆ” ಎಂದರು ಅಕ್ಕ.

ಇದು ಒಬ್ಬರ ಕತೆಯಲ್ಲ. 2017ರಲ್ಲಿ ಮುಂಬಯಿ, ದೆಹಲಿ, ಹೈದರಾಬಾದ್, ಅಹಮದಾಬಾದ್ ನಗರಗಳ 200 ಅಂಗಡಿಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಅಲ್ಲಿ ಸಿಕ್ಕಿದ ಎಲ್‌ಇಡಿ ಬಲ್ಬಿನ ಬ್ರಾಂಡುಗಳಲ್ಲಿ ನೂರಕ್ಕೆ 76 ಬ್ರಾಂಡುಗಳು ಸುರಕ್ಷತೆಯ ನಿಯಮ ಪಾಲಿಸಿರಲಿಲ್ಲ.

ಚಿಪ್ಪುಗಳು ಹೆಚ್ಚಾಗಿ ಹೊರದೇಶದಿಂದ, ಮುಖ್ಯವಾಗಿ ಚೀನಾದಿಂದ ಬರುತ್ತವೆ. ನಮ್ಮ ದೇಶದಲ್ಲಿ ಭಾಗಗಳನ್ನು ಜೋಡಿಸುತ್ತಾರೆ. ದೆಹಲಿಯ ಭಗೀರಥ ಪ್ಯಾಲೇಸಿನಂಥ ದೊಡ್ಡ ಸಗಟು ಪೇಟೆಗಳಿಂದ ಮಾಲು ಊರೂರಿಗೆ ಹೋಗುತ್ತದೆ. ಭಾಗಗಳನ್ನೂ ಇಲ್ಲಿಯೇ ತಯಾರಿಸಲಿ ಎಂದು 2021ರಲ್ಲಿ ಕೇಂದ್ರ ಸರಕಾರ ಎಸಿ ಮತ್ತು ಎಲ್‌ಇಡಿ ಕಾರ್ಖಾನೆಗಳಿಗೆ ಪ್ರೋತ್ಸಾಹಧನದ ಯೋಜನೆ ತಂದಿತು.

ಎಲ್‌ಇಡಿ ಬಲ್ಬಿಗೆ 2022ರ ಜುಲೈಯಿಂದ ಜಿಎಸ್‌ಟಿ ನೂರಕ್ಕೆ 18 ರೂಪಾಯಿ. ಅದಕ್ಕೆ ಮೊದಲು 12 ಇತ್ತು. ಬಿಲ್ಲಿಲ್ಲದೆ ಮಾರುವವನು ಈ ತೆರಿಗೆ ಕಟ್ಟುವುದಿಲ್ಲ. ಹಾಗಾಗಿ ಅವನ ಮಾಲು ಅಗ್ಗ ಕಾಣುತ್ತದೆ. ಆದರೆ ಬಿಲ್ಲಿಲ್ಲದ ಮಾಲಿಗೆ ಗ್ಯಾರಂಟಿಯೂ ಇಲ್ಲ. ನಿಯಮ ಪಾಲಿಸಿ ವ್ಯಾಪಾರ ಮಾಡುವ ಅಂಗಡಿಯವರಿಗೂ ಇದರಿಂದ ಪೆಟ್ಟು.

ಪೆಟ್ಟಿಗೆ ಓದುವುದು ಹೇಗೆ?

ನಮಗೆ ಅಕ್ಷರ ಬಂದಿದೆ. ಅಂಕೆ ಬಂದಿದೆ. ಅದನ್ನು ಇಲ್ಲಿ ಉಪಯೋಗಿಸೋಣ. ಪೆಟ್ಟಿಗೆಯಲ್ಲಿ ಹೆಚ್ಚಿನ ಬರಹ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕೆಗಳನ್ನು ನಾವೇ ಓದಬಹುದು. ಉಳಿದದ್ದನ್ನು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಬಹುದು. ಏನೇನು ನೋಡಬೇಕು?

1. ವಾಟ್. ಇದು ಬಲ್ಬು ತಿನ್ನುವ ಕರೆಂಟು. ಕಡಿಮೆ ಇದ್ದಷ್ಟೂ ಖರ್ಚು ಕಡಿಮೆ.

2. ಲ್ಯೂಮೆನ್. ಇದು ಬಲ್ಬು ಕೊಡುವ ಬೆಳಕು. 9 ವಾಟಿನ ಒಳ್ಳೆಯ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಲ್ಯೂಮೆನ್ ಬರೆಯದ ಪೆಟ್ಟಿಗೆಯನ್ನು ನಂಬಬೇಡಿ.

3. ನಕ್ಷತ್ರ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿ ಎಲ್‌ಇಡಿ ಬಲ್ಬಿಗೆ 2018ರಿಂದ ಕಡ್ಡಾಯ. ನಕ್ಷತ್ರ ಹೆಚ್ಚಿದ್ದರೆ ಅಷ್ಟೇ ಕರೆಂಟಿಗೆ ಹೆಚ್ಚು ಬೆಳಕು.

4. ನೋಂದಣಿ ಸಂಖ್ಯೆ. ಭಾರತೀಯ ಮಾನಕ ಬ್ಯೂರೋದ ಗುರುತು ಇರಬೇಕು. ಅದರ ಜೊತೆ ಇಂಗ್ಲಿಷಿನ ‘ಆರ್’ ಅಕ್ಷರ, ಒಂದು ಸಣ್ಣ ಗೆರೆ, ಮತ್ತೆ ಎಂಟು ಅಂಕೆ ಇರುತ್ತದೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಹಾಕಿ ಆ ಸಂಖ್ಯೆ ಒತ್ತಿದರೆ ಅದು ಅಸಲಿಯೋ ನಕಲಿಯೋ ಎಂದು ತಿಳಿಯುತ್ತದೆ.

5. ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ. ಇವು ಇಲ್ಲದಿದ್ದರೆ ಪೆಟ್ಟಿಗೆ ಕೆಳಗಿಡಿ.

6. ಗ್ಯಾರಂಟಿ ಎಷ್ಟು ವರ್ಷ? ಬಿಲ್ಲು ಕೇಳಿ ತೆಗೆದುಕೊಳ್ಳಿ. ತೊಂದರೆ ಆದರೆ 1915 ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕರೆಂಟು ಪುಕ್ಕಟೆ ಅಲ್ವಾ?

ನಮ್ಮ ಕೇಂದ್ರದಲ್ಲಿ ಈ ವಿಷಯ ಮಾತಾಡುವಾಗ ಒಬ್ಬರು ಕೇಳಿದರು: “ಈಗ ಗೃಹಜ್ಯೋತಿ ಉಂಟಲ್ಲ. ಬಿಲ್ಲು ಸೊನ್ನೆ ಬರ್ತದೆ. ಮತ್ತೆ ಎಂಥಕ್ಕೆ ಈ ಲೆಕ್ಕ?”

ಒಳ್ಳೆಯ ಪ್ರಶ್ನೆ. ಗೃಹಜ್ಯೋತಿ 2023ರಲ್ಲಿ ಶುರುವಾಯಿತು. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಅದರ ಅರ್ಥ ಅಲ್ಲ. ಮನೆಯ ಹಿಂದಿನ ಬಳಕೆಯ ಸರಾಸರಿ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ, ನಮ್ಮ ಮಿತಿ ಎಷ್ಟು ಎಂದು ಹೇಳುತ್ತಾರೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಸೆಕೆಗಾಲದಲ್ಲಿ ಮಂಗಳೂರಿನಲ್ಲಿ ಫ್ಯಾನ್ ಹಗಲೂ ರಾತ್ರಿ ತಿರುಗುತ್ತದೆ. ಆಗ ದೀಪದಲ್ಲಿ ಉಳಿಸಿದ ಯೂನಿಟ್ ನಮ್ಮನ್ನು ಮಿತಿಯ ಒಳಗೆ ಇಡುತ್ತದೆ. ಮೆಸ್ಕಾಂ ಬಿಲ್ಲು ಬಂದಾಗ ಸೊನ್ನೆ ಮಾತ್ರ ನೋಡಬೇಡಿ. ಯೂನಿಟ್ ಎಷ್ಟು ಎಂದೂ ನೋಡಿ.

ನಾವು ಯಾವುದನ್ನು ಕೊಂಡೆವು?

ಹಂಪನಕಟ್ಟೆಯ ಅಂಗಡಿಗೆ ಮತ್ತೆ ಬರೋಣ. 40 ರೂಪಾಯಿಯ ಪೆಟ್ಟಿಗೆಯಲ್ಲಿ ಲ್ಯೂಮೆನ್ ಇರಲಿಲ್ಲ. ನೋಂದಣಿ ಸಂಖ್ಯೆ ಇರಲಿಲ್ಲ. ವಿಳಾಸ ಇರಲಿಲ್ಲ. 100 ರೂಪಾಯಿಯ ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಎರಡು ವರ್ಷದ ಗ್ಯಾರಂಟಿಯೂ ಇತ್ತು.

ನಾವು 100 ರೂಪಾಯಿಯದನ್ನೇ ಕೊಂಡೆವು. “ಬಿಲ್ಲು ಕೊಡಿ ಅಣ್ಣ” ಎಂದೆವು. ಎರಡು ಬಲ್ಬು ಕಳಕೊಂಡಿದ್ದ ಅಕ್ಕ ಮನೆಗೆ ಬಂದು ಪೆನ್ನು ತೆಗೆದುಕೊಂಡರು. ಬಲ್ಬಿನ ಬುರುಡೆಯ ಮೇಲೆ ಕೊಂಡ ತಾರೀಕು ಬರೆದರು. ಬಿಲ್ಲನ್ನು ಮಡಚಿ ರೇಷನ್ ಕಾರ್ಡಿನ ಜೊತೆ ಇಟ್ಟರು. ಎರಡು ವರ್ಷದ ಹಿಂದೆ ಅವರು ಹೆಬ್ಬೆಟ್ಟು ಒತ್ತುತ್ತಿದ್ದರು.

ಬಲ್ಬಿನ ಬೆಲೆ ಎಷ್ಟು? ಅಂಗಡಿಯಲ್ಲಿ ಕೊಟ್ಟ ದುಡ್ಡು, ತಿಂಗಳು ತಿಂಗಳು ತಿನ್ನುವ ಕರೆಂಟು, ಬಾಳುವ ವರ್ಷ, ಈ ಮೂರನ್ನೂ ಸೇರಿಸಿದರೆ ಸಿಗುವುದೇ ಅದರ ನಿಜವಾದ ಬೆಲೆ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ಎಷ್ಟು ಬಲ್ಬು ಉಂಟು? ಒಂದೊಂದರ ವಾಟ್ ಬರೆಯಿರಿ.

2. ಒಂದು ಮನೆಯಲ್ಲಿ 9 ವಾಟಿನ 4 ಬಲ್ಬು ದಿನಕ್ಕೆ 5 ಗಂಟೆ ಉರಿಯುತ್ತವೆ. 30 ದಿನಕ್ಕೆ ಎಷ್ಟು ಯೂನಿಟ್?

3. ಕಳೆದ ತಿಂಗಳ ಕರೆಂಟು ಬಿಲ್ಲು ತೆಗೆಯಿರಿ. ಅದರಲ್ಲಿ ಯೂನಿಟ್ ಎಲ್ಲಿ ಬರೆದಿದೆ? ಪಕ್ಕದ ಮನೆಯವರಿಗೂ ತೋರಿಸಿ.