ಕೊಟ್ಟಿಗೆಯ ಜಾವಾ: ಮೊದಲು ಕಿಕ್ ಹೊಡೆಯಬೇಡಿ

ರಜೆಗೆ ಊರಿಗೆ ಹೋದಾಗ ಅಜ್ಜನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ, ತೆಂಗಿನ ಗರಿ, ಮುರಿದ ತೊಟ್ಟಿಲು, ಗೋಣಿಚೀಲಗಳ ಹಿಂದೆ ಒಂದು ಹಳೆಯ ಮೋಟಾರ್ ಸೈಕಲ್ ನಿಂತಿರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಟ್ಯಾಂಕಿನ ಮೇಲೆ ಬೆರಳಾಡಿಸಿದರೆ ಧೂಳಿನಡಿಯಲ್ಲಿ ಮೆರೂನ್ ಬಣ್ಣ. ಎರಡೂ ಪಕ್ಕಕ್ಕೆ ಒಂದೊಂದು ಉದ್ದನೆಯ ಸೈಲೆನ್ಸರ್. ಅದು ಜಾವಾ, ಇಲ್ಲವೇ ಅದರ ತಮ್ಮ ಯೆಜ್ಡಿ. "ಅದು ಓಡಲ್ಲ ಬಿಡು, ಗುಜರಿಯವನು ಬಂದಾಗ ಕೊಟ್ಟುಬಿಡೋಣ" ಎಂದು ಚಿಕ್ಕಪ್ಪನೋ ದೊಡ್ಡಪ್ಪನೋ ಹೇಳಿಯೂ ಇರುತ್ತಾರೆ. ಆ ಮಾತಿಗೆ ತಲೆಯಾಡಿಸುವ ಮೊದಲು ಸ್ವಲ್ಪ ತಾಳಿ.

ಅದು ನಮ್ಮ ಮೈಸೂರಿನ ಗಾಡಿ. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ಎರಡು ಹೆಸರುಗಳ ತಲೆಯಕ್ಷರ ಸೇರಿ 'ಜಾವಾ' ಆಯಿತು; ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಭಾರತದಲ್ಲೇ ತಯಾರಿಸಲು ಹೊರಟವರು ರುಸ್ತುಂ ಇರಾನಿ. ಜಯಚಾಮರಾಜ ಒಡೆಯರ ಬೆಂಬಲದೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. ಇರಾನಿನ ಯಜ್ದ್ ಊರಿನಿಂದ ಬಂದ ಹೆಸರದು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ನಿನ ಸಾಮಾನು ಅಜ್ಜನ ಗಾಡಿಗೆ ಕೂರುವುದಿಲ್ಲ.

ಕೊಟ್ಟಿಗೆಯಿಂದ ಹೊರಗೆಳೆದ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ: ಒಂದು ಕಿಕ್ ಹೊಡೆದು ನೋಡೋಣ! ದಯವಿಟ್ಟು ಬೇಡ. ಇಪ್ಪತ್ತು ವರ್ಷ ಸುಮ್ಮನೆ ನಿಂತ ಗಾಡಿ ಹಾಳಾಗುವುದು ನಿಂತದ್ದರಿಂದಲ್ಲ, ಎಷ್ಟೋ ಸಲ ಆ ಮೊದಲ ಕಿಕ್ಕಿನಿಂದ. ಕಾರಣ ಹೇಳುತ್ತೇನೆ. ಇದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ನಿಗೆ, ಬೇರಿಂಗಿಗೆ ಬೇರೆ ಎಣ್ಣೆಯ ಪೂರೈಕೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಎಲ್ಲಕ್ಕೂ ಗತಿ. ಆ ಎಣ್ಣೆ ಒಣಗಿ ಅಂಟಾಗಿದೆ, ರಿಂಗುಗಳು ಕಚ್ಚಿಕೊಂಡಿವೆ, ಸಿಲಿಂಡರಿನ ಗೋಡೆಯಲ್ಲಿ ತುಕ್ಕು ಹಿಡಿದಿದೆ. ಅದರ ಮೇಲೆ ಮೈಭಾರ ಹಾಕಿ ಒದ್ದರೆ ರಿಂಗು ಮುರಿದೀತು, ಬೋರಿನಲ್ಲಿ ಗೀರು ಬಿದ್ದೀತು.

ಮಾಡಬೇಕಾದದ್ದು ಇಷ್ಟು. ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ ಮತ್ತು ಟೂ ಸ್ಟ್ರೋಕ್ ಎಣ್ಣೆ ಬೆರೆಸಿ ನಾಲ್ಕೈದು ಚಮಚ ಒಳಗೆ ಬಿಡಿ. ಬಟ್ಟೆ ತುರುಕಿ ಎರಡು ರಾತ್ರಿ ಮರೆತುಬಿಡಿ. ಮೂರನೆಯ ದಿನ ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಅಲುಗಿಸಿ. ಎಂಜಿನ್ ಬಿಟ್ಟುಕೊಟ್ಟರೆ ಕೈಗೇ ಗೊತ್ತಾಗುತ್ತದೆ. ಕೊಡದಿದ್ದರೆ ಇನ್ನೊಂದಿಷ್ಟು ಎಣ್ಣೆ, ಇನ್ನೆರಡು ದಿನ. ನಿಮಗೆ ಸಿಕ್ಕಿರುವುದೇ ಹತ್ತು ದಿನದ ರಜೆಯಾದರೆ ಈ ಕಾಯುವಿಕೆ ಕಷ್ಟವೇ. ಅಲ್ಲಿಯವರೆಗೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ.

ಮೊದಲು ಸೈಲೆನ್ಸರುಗಳ ಒಳಗಿನ ಕೊಳವೆ ಎಳೆದು ನೋಡಿ. ಇಲಿಯ ಗೂಡು, ಕುಂಬಾರ ಹುಳದ ಮಣ್ಣಿನ ಮನೆ, ಏನು ಬೇಕಾದರೂ ಸಿಗಬಹುದು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲೂ ಅಷ್ಟೇ. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಆರಿ ಮೇಣದಂತಾಗಿರುತ್ತದೆ, ತಳದಲ್ಲಿ ತುಕ್ಕು. ಡೀಸೆಲ್ ಜತೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿದರೆ ಮೇಲಿನ ಕೊಳೆ ಬಿಡುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ವಿನೆಗರ್ ತುಂಬಿ ಎರಡು ದಿನ ಬಿಟ್ಟರೆ ಉಳಿದ ತುಕ್ಕು ಕರಗುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕೂಡಲೇ ಒಳಗೆ ಎಣ್ಣೆ ಆಡಿಸಬೇಕು. ಒಂದು ರಾತ್ರಿ ಹಾಗೇ ಬಿಟ್ಟರೆ ಮತ್ತೆ ತುಕ್ಕು ಏಳುತ್ತದೆ.

ಕಾರ್ಬುರೇಟರ್ ಬಿಚ್ಚಿದಾಗ ಅದರೊಳಗಿನ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲುಗಿಸಿ. ಒಳಗೆ ಪೆಟ್ರೋಲ್ ತುಳುಕುವ ಸದ್ದಾದರೆ ಅದು ತೂತಾಗಿದೆ, ಬೆಸುಗೆ ಬೇಕು. ಜೆಟ್ಟುಗಳ ತೂತಿಗೆ ಪಿನ್ನು ತೂರಿಸಬೇಡಿ, ಅಳತೆ ಕೆಡುತ್ತದೆ. ಗಾಳಿ ಊದಿದರೆ ಸಾಕು. ಆರು ವೋಲ್ಟಿನ ಬ್ಯಾಟರಿ ಹೊಸದೇ ಬೇಕು. ಪಾಯಿಂಟುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಸುಮಾರು 0.4 ಮಿ.ಮೀ. ಅಂತರ ಇಡಿ, ಕಂಡೆನ್ಸರ್ ಬದಲಿಸಿ. ಕೀಲಿ ಕಳೆದಿದೆಯೇ? ಗಾಬರಿ ಬೇಡ. ಹಳೆಯ ಜಾವಾದ ಕೀಲಿ ಎಂದರೆ ಹೆಡ್‌ಲೈಟಿನ ಮೇಲೆ ಒತ್ತುವ ಒಂದು ಕಡ್ಡಿ, ಅಷ್ಟೇ. ಆ ಕಾಲದ ಜನ ಒಬ್ಬರನ್ನೊಬ್ಬರು ನಂಬುತ್ತಿದ್ದರೆಂದು ಕಾಣುತ್ತದೆ!

ಇಷ್ಟನ್ನು ನೀವೇ ಮಾಡಬಹುದು. ಮುಂದಿನದಕ್ಕೆ ಮಾತ್ರ ಬಲ್ಲವರ ಕೈ ಬೇಕು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳಲ್ಲಿ ರಬ್ಬರಿನ ಆಯಿಲ್ ಸೀಲುಗಳಿವೆ. ವರ್ಷಗಟ್ಟಲೆ ನಿಂತಾಗ ಅವು ಮರದಂತೆ ಗಟ್ಟಿಯಾಗುತ್ತವೆ. ಗಾಡಿ ಸ್ಟಾರ್ಟ್ ಆಗಿಯೇ ಆಗುತ್ತದೆ, ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ ಒಂದು ಪಕ್ಕದ ಸೀಲಿನಿಂದ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲೂ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಇನ್ನೊಂದು ಪಕ್ಕದಿಂದ ಗೇರ್ ಬಾಕ್ಸಿನ ಎಣ್ಣೆ ಒಳಗೆ ಎಳೆಯಲ್ಪಟ್ಟು ಬಿಳಿ ಹೊಗೆ ನಿಲ್ಲುವುದೇ ಇಲ್ಲ. ವೇಗದಲ್ಲಿ ಓಡುವಾಗ ಪಿಸ್ಟನ್ ಹಿಡಿದರೆ ಹಿಂದಿನ ಚಕ್ರವೂ ಹಿಡಿಯುತ್ತದೆ, ಸವಾರ ರಸ್ತೆಯ ಮೇಲೆ. ಆದ್ದರಿಂದ ಸೀಲು ಬದಲಿಸದೆ ರಸ್ತೆಗೆ ಇಳಿಯಲೇಬಾರದು.

ಆ ಬಲ್ಲವರು ಯಾರು? ಮೈಸೂರಿನಲ್ಲಿ, ನಿಮ್ಮ ತಾಲ್ಲೂಕು ಕೇಂದ್ರದಲ್ಲೂ ಬಹುಶಃ, ಜಾವಾ ಕೆಲಸ ಮಾಡುತ್ತಲೇ ತಲೆ ನರೆತ ಮೆಕ್ಯಾನಿಕ್ ಒಬ್ಬರು ಇರುತ್ತಾರೆ. ಊರಿನ ಸೈಕಲ್ ಅಂಗಡಿಯಲ್ಲಿ ಕೇಳಿದರೆ ವಿಳಾಸ ಸಿಕ್ಕೀತು. ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಅವರ ಕೈಯಲ್ಲೂ ಮಾತಿನಲ್ಲೂ ಇದೆ. ಆ ಮಾತೋ ಅಚ್ಚ ಕನ್ನಡ: "ಮಿಸ್ ಹೊಡೀತಿದೆ", "ಪಾಯಿಂಟ್ ಕಚ್ತಿಲ್ಲ", "ಬೋರು ತಿಂದಿದೆ". ನಿಮ್ಮ ಕನ್ನಡದಲ್ಲಿ ಅರ್ಧ ಮರಾಠಿಯೋ ಹಿಂದಿಯೋ ತಮಿಳೋ ಬೆರೆತಿದೆಯೆಂದು ಸಂಕೋಚಪಡಬೇಡಿ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸ್ಪ್ಯಾನರ್ ಎತ್ತಿಕೊಟ್ಟರೆ ಅವರು ತಾವಾಗಿ ಹೇಳುತ್ತಾ ಹೋಗುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಫೋನಿನಲ್ಲಿ ಅವರ ಕೈಯ ಚಿತ್ರ ತೆಗೆದುಕೊಳ್ಳಿ. ಕಾರ್ಖಾನೆ ಮುಚ್ಚಿದಾಗ ನಲವತ್ತಾಗಿದ್ದವರಿಗೆ ಈಗ ಎಪ್ಪತ್ತರ ಆಚೀಚೆ. ಗಾಡಿಯ ಬಿಡಿಭಾಗವನ್ನು ಯಾರಾದರೂ ಮತ್ತೆ ಮಾಡಿಯಾರು, ಈ ಜನವನ್ನು ಮಾಡುವುದು ಹೇಗೆ? ಗಾಡಿಯನ್ನು ಮುಂಬೈಗೋ ಪುಣೆಗೋ ಸಾಗಿಸಿ ಅಲ್ಲಿ ರಿಪೇರಿ ಮಾಡಿಸೋಣ ಎನ್ನುವವರಿಗೆ ನನ್ನ ಉತ್ತರವೂ ಇದೇ: ಊರಲ್ಲೇ ಓಡಿಸಿ, ಆಮೇಲೆ ಸಾಗಿಸಿ.

ಬಣ್ಣದ ವಿಷಯ. ಹೊಸ ಬಣ್ಣ, ಹೊಸ ಕ್ರೋಮ್ ಹಾಕಿಸಿ ಪಳಪಳ ಹೊಳೆಸುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ. ಟೈರು (ಹಳೆಯ ಜಾವಾಕ್ಕೆ 16 ಇಂಚು, ರೋಡ್‌ಕಿಂಗ್‌ಗೆ 18), ಬ್ರೇಕ್ ಶೂ, ಕೇಬಲ್ಲು, ವೈರಿಂಗ್, ಪ್ರಾಣಕ್ಕೆ ಸಂಬಂಧಿಸಿದ ಇಷ್ಟೂ ಹೊಸದಾಗಲಿ. ಆದರೆ ಟ್ಯಾಂಕಿನ ಪಕ್ಕ ಅಜ್ಜನ ಮೊಣಕಾಲು ತಾಗಿ ತಾಗಿ ಸವೆದ ಜಾಗಕ್ಕೆ ಬಣ್ಣ ಬಳಿದರೆ ಅಜ್ಜನ ಗುರುತೇ ಅಳಿಸಿಹೋಯಿತಲ್ಲ!

ಇನ್ನು ಕಾಗದಪತ್ರ. ಎಂಜಿನ್ನಿಗಿಂತ ಇದೇ ತಲೆನೋವು. ಆರ್.ಸಿ. ಪುಸ್ತಕ ಅಜ್ಜನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ವಾರಸುದಾರರು 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಇತರ ವಾರಸುದಾರರ ಒಪ್ಪಿಗೆಯನ್ನೂ ಕೇಳುತ್ತಾರೆ. ಅದಕ್ಕೇ ಅತ್ತೆ, ಮಾವ, ಚಿಕ್ಕಪ್ಪಂದಿರೆಲ್ಲ ಹಬ್ಬಕ್ಕೆ ಸೇರಿದಾಗಲೇ ಮಾತು ತೆಗೆಯಿರಿ. 15 ವರ್ಷ ದಾಟಿದ ನೋಂದಣಿಯ ನವೀಕರಣಕ್ಕೆ 25ನೇ ನಮೂನೆ, ಬೇರೆ ರಾಜ್ಯಕ್ಕೆ ಒಯ್ಯಲು 28ನೇ ನಮೂನೆಯ ನಿರಾಕ್ಷೇಪಣಾ ಪತ್ರ. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ಮಾತ್ರ. ದೆಹಲಿಯ ಮಿತ್ರರೇ, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿಮ್ಮಲ್ಲಿ ನ್ಯಾಯಾಲಯದ ನಿರ್ಬಂಧಗಳಿವೆ, ಆದೇಶಗಳು ಬದಲಾಗುತ್ತಲೂ ಇವೆ. ವಿಚಾರಿಸದೆ ರೈಲು ಹತ್ತಿಸಬೇಡಿ.

ಎಲ್ಲ ಮುಗಿದು ಆ ದಿನ ಬಂದಾಗ, ಹೊಸ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಬೆರೆಸಿ. ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವತನಕ ಒತ್ತಿ. ಕಿಕ್ಕರ್ ಎಲ್ಲಿ ಎಂದು ಹುಡುಕಬೇಡಿ. ಗೇರ್ ಲಿವರೇ ಕಿಕ್ಕರ್. ಒಳಕ್ಕೆ ಒತ್ತಿ ಹಿಂದಕ್ಕೆ ಮಗುಚಿ. ಕೀಲಿ ಹಾಕದೆ ಎರಡು ಸಲ, ಹಾಕಿ ಮೂರನೆಯ ಸಲ. ಮೊದಲ ಐದು ನಿಮಿಷ ಅಂಗಳವೆಲ್ಲ ಹೊಗೆ. ಸೈಲೆನ್ಸರಿನಲ್ಲಿ ಕುಳಿತ ಹಳೆಯ ಎಣ್ಣೆ ಸುಡುತ್ತಿರುತ್ತದೆ, ಹೆದರಬೇಡಿ. ಒಳಗಿನಿಂದ ಅಜ್ಜಿ ಆ ಸದ್ದಿಗೆ ಹೊರಗೆ ಬಂದರೆ ಕುರ್ಚಿ ಹಾಕಿಕೊಡಿ. ನಿಲ್ಲಿಸುವಾಗ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲಲಿ. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಮತ್ತೆ ನಿಮ್ಮ ಊರಿಗೆ ಹೊರಡುವ ಹಿಂದಿನ ದಿನ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ನೋಟ್‌ಬುಕ್ಕಿನ ಒಂದು ನಕಲನ್ನು ಗಾಡಿಯ ಟೂಲ್ ಬಾಕ್ಸಿನಲ್ಲಿ ಇಟ್ಟುಬನ್ನಿ.