ಸಾರ್ವಜನಿಕ ಸ್ಥಳದಲ್ಲಿ ಚಿತ್ರೀಕರಣ: ಅನುಮತಿ ಪಡೆಯುವ ಬಗೆ

ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಚಿತ್ರವು 1913ರ ಮೇ 3ರಂದು ನಮ್ಮ ಮುಂಬಯಿಯ ಗಿರಗಾಂವದಲ್ಲಿ ಜನರೆದುರು ಬಂದಿತೆಂಬುದನ್ನು ನೀವು ಓದಿರುವಿರಿ. ಆ ಚಿತ್ರದ ಹೊರಾಂಗಣ ದೃಶ್ಯಗಳಿಗಾಗಿ ಅವರ ತಂಡವು ಬದಲಾಪುರದಾಚೆಯ ವಾಂಗಣಿ ಎಂಬ ಹಳ್ಳಿಗೆ ಹೋಗಿತ್ತು. ಫಾಲ್ಕೆಯವರು ಇನ್ನೂ ಬಂದು ತಲುಪಿರಲಿಲ್ಲ. ಕತ್ತಿ, ಈಟಿಗಳನ್ನು ಹೊತ್ತ ಅಪರಿಚಿತರನ್ನು ಕಂಡ ಹಳ್ಳಿಗರು ಅವರನ್ನು ದರೋಡೆಕೋರರೆಂದೇ ಬಗೆದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರಂತೆ, ನಟರೆಲ್ಲರೂ ಬಂಧನಕ್ಕೊಳಗಾದರಂತೆ. ಫಾಲ್ಕೆಯವರು ಬಂದು, ಕ್ಯಾಮರಾ ತೋರಿಸಿ, ತಮ್ಮ ಉದ್ದೇಶವನ್ನು ವಿವರಿಸಿದ ಮೇಲೆಯೇ ಬಿಡುಗಡೆಯಾಯಿತೆಂದು ಹೇಳುತ್ತಾರೆ.

ಈ ಪ್ರಸಂಗವು ನನಗೆ ಮತ್ತೆ ನೆನಪಾದುದಕ್ಕೆ ಕಾರಣವುಂಟು. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಆರು ಮಂದಿ ವಿದ್ಯಾರ್ಥಿಗಳು ಒಂದು ಕಿರುಚಿತ್ರವನ್ನು ತೆಗೆಯಲು ಹೊರಟರು. ಹುಡುಗನಾಗಿದ್ದಾಗ ಊರಿನಿಂದ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ಒಬ್ಬರ ಕಥೆ ಅದು. ಅವರು ಬೇರೆ ಯಾರೂ ಅಲ್ಲ, ಆ ಆರು ಮಂದಿಯಲ್ಲೊಬ್ಬನ ಅಜ್ಜ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಕುಳಿತು ಪಾಠ ಓದುತ್ತಿದ್ದ ಉದ್ಯಾನದ ಬೆಂಚಿನ ಮೇಲೆಯೇ ಅವರನ್ನು ಕುಳ್ಳಿರಿಸಿ ಚಿತ್ರೀಕರಿಸಬೇಕೆಂದು ಹುಡುಗರ ಆಸೆ. ತ್ರಿಪಾದಿಯನ್ನು ನಿಲ್ಲಿಸಿದ್ದಷ್ಟೇ, ಕಾವಲುಗಾರನು ಬಂದು “ಪರವಾನಗಿ ಎಲ್ಲಿ?” ಎಂದನು. ಯಾರಲ್ಲಿಯೂ ಉತ್ತರವಿರಲಿಲ್ಲ. ಮೊಮ್ಮಗನ ಕಣ್ಣೆದುರಿಗೇ ಆ ವೃದ್ಧರನ್ನು ಬೆಂಚಿನಿಂದ ಎಬ್ಬಿಸಲಾಯಿತು.

ಮರುದಿನ ಆ ಹುಡುಗನು ನನ್ನ ಬಳಿಗೆ ಬಂದು, “ಉದ್ಯಾನವು ಸಾರ್ವಜನಿಕರದೇ ಅಲ್ಲವೇ, ಸರ್? ಹಾಗಾದರೆ ಅಪ್ಪಣೆ ಏಕೆ?” ಎಂದು ಕೇಳಿದನು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಅಂದು ನಾನಿತ್ತ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಸಾರ್ವಜನಿಕ ಸ್ಥಳವು ನಮ್ಮದು ಹೌದು. ಆದರೆ ನಮ್ಮದಷ್ಟೇ ಅಲ್ಲ. ನಾವು ಬೆಂಚಿನ ಮೇಲೆ ಕುಳಿತರೆ ಪಕ್ಕದಲ್ಲಿ ಇನ್ನೊಬ್ಬರು ಕುಳಿತುಕೊಳ್ಳಬಹುದು. ಕ್ಯಾಮರಾ, ದೀಪ, ತ್ರಿಪಾದಿಗಳೊಡನೆ ಆರು ಮಂದಿ ನಿಂತೆವೆಂದರೆ ಅಷ್ಟು ಹೊತ್ತು ಆ ಜಾಗವನ್ನು ಉಳಿದವರಿಂದ ನಾವು ಎರವಲು ಪಡೆದಂತಾಯಿತು. ಎರವಲು ಪಡೆಯುವವರು ಕೇಳಿ ಪಡೆಯಬೇಕು. ಎಲ್ಲರ ಪರವಾಗಿ ಆ ಸ್ಥಳವನ್ನು ನೋಡಿಕೊಳ್ಳುವ ಕಚೇರಿಯನ್ನು ಕೇಳುವುದಕ್ಕೇ ಅನುಮತಿ ಎಂದು ಹೆಸರು.

ಆದುದರಿಂದ ಮೊದಲು ತಿಳಿಯಬೇಕಾದುದು, ಸ್ಥಳವು ಯಾರ ವಶದಲ್ಲಿದೆ ಎಂಬುದು. ಮುಂಬಯಿಯೆಂಬುದು ಒಂದೇ ಮನೆಯಂತೆ ಕಂಡರೂ ಅದಕ್ಕೆ ಯಜಮಾನರು ಹಲವರು. ಪಾಲಿಕೆಯ ಉದ್ಯಾನಗಳಿಗೂ ರಸ್ತೆಗಳಿಗೂ ಬೃಹನ್ಮುಂಬಯಿ ಮಹಾನಗರಪಾಲಿಕೆ. ಲೋಕಲ್ ಗಾಡಿಯ ನಿಲ್ದಾಣಗಳಲ್ಲಿ ಪಶ್ಚಿಮ ರೈಲ್ವೆಯದಾದರೆ ಚರ್ಚ್‌ಗೇಟಿನಲ್ಲಿಯೂ, ಮಧ್ಯ ರೈಲ್ವೆಯದಾದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿಯೂ ಮುಖ್ಯ ಕಚೇರಿಗಳಿವೆ. ಘಾರಾಪುರಿಯ ಎಲಿಫೆಂಟಾ ಗುಹೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವು ಹೆಸರಿಗೆ ಉದ್ಯಾನವಾದರೂ ಪಾಲಿಕೆಗೆ ಸೇರಿದುದಲ್ಲ. ಅದು ಅರಣ್ಯ ಇಲಾಖೆಯದು. ತಪ್ಪು ಬಾಗಿಲನ್ನು ತಟ್ಟಿದವನಿಗೆ ವಾರಗಳು ವ್ಯರ್ಥವಾಗುತ್ತವೆ.

ಈ ಅಲೆದಾಟವನ್ನು ತಗ್ಗಿಸುವುದಕ್ಕೆಂದು ಮಹಾರಾಷ್ಟ್ರ ಸರಕಾರವು ಚಿತ್ರೀಕರಣದ ಅನುಮತಿಗಾಗಿ ಏಕಗವಾಕ್ಷಿ ವ್ಯವಸ್ಥೆಯನ್ನು ಏರ್ಪಡಿಸಿದೆ. ಗೋರೆಗಾಂವದ ದಾದಾಸಾಹೇಬ ಫಾಲ್ಕೆ ಚಿತ್ರನಗರಿಯನ್ನು ನಡೆಸುವ ನಿಗಮವೇ ಇದನ್ನೂ ನೋಡಿಕೊಳ್ಳುತ್ತದೆ. ಅರ್ಜಿಯನ್ನು ಗಣಕಯಂತ್ರದ ಮೂಲಕ ಸಲ್ಲಿಸಬಹುದು. ಆದರೂ ಸ್ಥಳದ ಒಡೆತನ ಯಾರದೆಂಬುದನ್ನು ನೀವು ಅರಿತಿರುವುದು ಒಳ್ಳೆಯದು.

ಎರಡನೆಯದು ಅರ್ಜಿ. ಅದರಲ್ಲಿ ಅಲಂಕಾರ ಬೇಡ. ಅಧಿಕಾರಿಯ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರವಿರಬೇಕು. ನೀವು ಯಾರು? ಚಿತ್ರದ ವಸ್ತುವೇನು? ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ? ಎಷ್ಟು ಮಂದಿ, ಯಾವ ಯಾವ ಉಪಕರಣ? ಜನರ ಓಡಾಟಕ್ಕೆ ತಡೆಯಾಗುವುದೇ? ಜವಾಬ್ದಾರಿ ಹೊರುವ ಹಿರಿಯರು ಯಾರು? ನೀವು ಅಪ್ರಾಪ್ತ ವಯಸ್ಕರಾದುದರಿಂದ ಮುಖ್ಯೋಪಾಧ್ಯಾಯರ ಪತ್ರವನ್ನೂ ಪಾಲಕರ ಒಪ್ಪಿಗೆಯನ್ನೂ ಜೊತೆಗಿಡಿರಿ. ಚಿತ್ರವು ಶಿಕ್ಷಣಕ್ಕಾಗಿ, ಲಾಭಕ್ಕಾಗಿ ಅಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆದು ಶುಲ್ಕದಲ್ಲಿ ರಿಯಾಯಿತಿಯನ್ನು ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಅರ್ಜಿಯನ್ನು ಮರಾಠಿಯಲ್ಲಿ ಬರೆಯುವುದು ಲೇಸು; ಈ ರಾಜ್ಯದ ಆಡಳಿತ ಭಾಷೆ ಅದು. ನಾನು ಊರಿನಲ್ಲಿ ಕನ್ನಡದಲ್ಲಿಯೇ ಓದಿ ಇಲ್ಲಿಗೆ ಬಂದವನು. ಮೊದಮೊದಲು ಕಚೇರಿಯ ಮೆಟ್ಟಿಲು ಹತ್ತಲು ಕಾಲು ನಡುಗುತ್ತಿತ್ತು. ನಿಮಗೆ ಆ ಭಯ ಬೇಡ. ಮರಾಠಿಯನ್ನು ನೀವು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಕಲಿತಿರುವಿರಿ. ಅರ್ಜಿಯನ್ನು ಕೈಯಲ್ಲಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳಲು ಮರೆಯದಿರಿ. ‘ಪೋಚ್’ ಎಂದು ಇಲ್ಲಿ ಕರೆಯುವ ಈ ಸ್ವೀಕೃತಿಯಿಲ್ಲದೆ ಮುಂದೆ ವಿಚಾರಿಸಲು ಆಧಾರವೇ ಇರುವುದಿಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ರೈಲ್ವೆಯ ಹಳಿಗಳ ಮೇಲೆ ಎಂದಿಗೂ ಇಳಿಯಕೂಡದು; 1989ರ ರೈಲ್ವೆ ಕಾಯಿದೆಯಂತೆ ಅದು ಅಪರಾಧ, ಪ್ರಾಣಕ್ಕೂ ಅಪಾಯ. ಸೇನೆ ಮತ್ತು ನೌಕಾದಳದ ಆವರಣಗಳತ್ತ ಕ್ಯಾಮರಾವನ್ನು ತಿರುಗಿಸಬಾರದು. ಡ್ರೋನ್ ಹಾರಿಸುವ ಆಸೆಯುಳ್ಳವರು 2021ರ ಡ್ರೋನ್ ನಿಯಮಗಳನ್ನು ತಿಳಿದಿರಬೇಕು: ಅವುಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದ್ದು, ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಕೊನೆಯದಾಗಿ, ಯಾವ ಕಚೇರಿಯೂ ಕೊಡಲಾರದ ಒಂದು ಅನುಮತಿಯುಂಟು. ಅದು ನೀವು ಚಿತ್ರಿಸುವ ಮನುಷ್ಯನದು. ಬೀದಿಯ ಮಾರಾಟಗಾರನಾಗಲಿ, ಮಲಗಿರುವ ಕೂಲಿಯಾಗಲಿ, ಅವನ ಮುಖವು ಅವನದು. ಅವನನ್ನೂ ಕೇಳಿರಿ.

ನಮ್ಮ ಹುಡುಗರ ವಿಷಯಕ್ಕೆ ಬರೋಣ. “ಇನ್ನು ಆ ಚಿತ್ರವೇ ಬೇಡ” ಎಂದಿದ್ದ ಮೊಮ್ಮಗನೇ ಅರ್ಜಿಯನ್ನು ಬರೆದನು. ಮೊದಲ ಸಲ ಒಂದು ಪತ್ರ ಸಾಲದೆಂದು ಅದು ಹಿಂದಿರುಗಿತು. ಎರಡನೆಯ ಸಲ ಸಂಬಂಧಪಟ್ಟವರು ರಜೆಯಲ್ಲಿದ್ದರು. ಮೂರನೆಯ ಸಲಕ್ಕೆ ಎರಡು ಗಂಟೆಗಳ ಅವಧಿಗೆ ಅನುಮತಿ ದೊರೆಯಿತು. ಅದೇ ಕಾವಲುಗಾರನು ಕಾಗದವನ್ನು ಓದಿ ನೋಡಿ ಹಿಂದಿರುಗಿಸಿದನು. ಆಟವಾಡುತ್ತಿದ್ದ ಮಕ್ಕಳನ್ನು ತುಸು ಆಚೆಗೆ ಕಳುಹಿಸಿದನು. ಅಜ್ಜನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಬೆಂಚಿನ ಮೇಲೆ ಕುಳಿತು ತಮ್ಮ ಹಳೆಯ ಪುಸ್ತಕವನ್ನು ತೆರೆದರು. ದೃಶ್ಯವು ಮುಗಿದ ಬಳಿಕವೂ ಓದುತ್ತಲೇ ಇದ್ದರು. ಕಾಗದದಲ್ಲಿದ್ದ ಎರಡು ಗಂಟೆ ಇನ್ನೂ ತೀರಿರಲಿಲ್ಲವಾದ್ದರಿಂದ ಯಾರೂ ಅವರನ್ನು ಎಬ್ಬಿಸಲಿಲ್ಲ.

ವಿದ್ಯಾರ್ಥಿಗಳೇ, ಈ ವರ್ಷ ನಿಮ್ಮಲ್ಲಿಯೂ ಯಾರಾದರೂ ಚಿತ್ರ ತೆಗೆಯಲು ಬಯಸುವಿರಾದರೆ, ಕ್ಯಾಮರಾವನ್ನು ಅಣಿಮಾಡುವ ಮೊದಲೇ ಅರ್ಜಿಯನ್ನು ಬರೆಯಿರಿ. ತಿದ್ದಿಕೊಡಲು ನಾನಿದ್ದೇನೆ.