ಮೂರು ಕಾಲಿನ ಆಸರೆ

ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ ಸೂರ್ಯನು ಮುಳುಗಿದ ಮೇಲೆ ಒಂದು ಗಳಿಗೆಯ ಕಾಲ ಉಳಿಯುವ ಬೆಳಕು ಕಣ್ಣಿಗೆ ಬಹು ರಮ್ಯವಾದುದು. ಕ್ಯಾಮೆರಾಕ್ಕೆ ಮಾತ್ರ ಬಹು ಅಲ್ಪವಾದುದು. ಆ ಹೊತ್ತಿನಲ್ಲಿ ಚಿತ್ರವು ಚೊಕ್ಕವಾಗಿ ಮೂಡಬೇಕಾದರೆ ಕ್ಯಾಮೆರಾದ ಕಣ್ಣು ಕೆಲವು ಸೆಕೆಂಡುಗಳಾದರೂ ತೆರೆದಿರಬೇಕಾಗುತ್ತದೆ. ಕೈನಡುಕವನ್ನು ಸರಿದೂಗಿಸುವ ಉಪಾಯಗಳು ಈಗಿನ ಯಂತ್ರಗಳಲ್ಲಿ ಉಂಟು. ಅವುಗಳಿಗೂ ಒಂದು ಎಲ್ಲೆಯುಂಟು. ಅದರಾಚೆಗೆ ನಮಗಿರುವ ಆಸರೆಯೆಂದರೆ ಟ್ರೈಪಾಡ್, ಅಂದರೆ ಮುಕ್ಕಾಲಿ.

ನಾಲ್ಕು ಕಾಲಿನ ಮೇಜು ಉಬ್ಬುತಗ್ಗಿನ ನೆಲದಲ್ಲಿ ಕುಂಟುತ್ತದೆ. ಮೂರು ಕಾಲಿನದು ಕುಂಟುವುದಿಲ್ಲ. ಮೂರು ಕಲ್ಲುಗಳನ್ನು ಹೂಡಿ ಒಲೆ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಧಾರವಾಡ ಮತ್ತು ಮೈಸೂರು ಸೀಮೆಗಳ ದೇಗುಲಗಳನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥಕ್ಕೆ ಪಿಗೊ, ನೀಲ್, ಬಿಗ್ಸ್ ಎಂಬವರು ತೆಗೆದ ಚಿತ್ರಗಳೂ ಆ ಕಾಲದ ಮಂದಗತಿಯ ಛಾಯಾಗ್ರಹಣದವೇ. ಅಂದಿನವರಿಗೆ ಆಸರೆಯಿಲ್ಲದೆ ಚಿತ್ರವೇ ಇರಲಿಲ್ಲ.

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹೆಗಲಚೀಲವನ್ನು ಹೊತ್ತು ಬಸ್ಸಿನಲ್ಲಿ ಹರಿಹರಕ್ಕೆ ಹೋಗುವವರಿಗೆ, ಕೊಂಡಜ್ಜಿಯ ಗುಡ್ಡವನ್ನು ಹತ್ತುವವರಿಗೆ, ತೂಕವು ಸಣ್ಣ ಮಾತಲ್ಲ. ಭಾರವಾದ ಮುಕ್ಕಾಲಿಯು ಎರಡು ಸಲ ಹೊತ್ತ ಮೇಲೆ ಅಟ್ಟ ಸೇರುತ್ತದೆ. ತೀರ ಹಗುರವಾದುದು ಜೊತೆಗೆ ಬರುತ್ತದೆ, ಆದರೆ ಗಾಳಿ ಬೀಸಿದೊಡನೆ ನಡುಗುತ್ತದೆ. ಹಾಗಾದರೆ ದೃಢತೆಗೂ ಹಗುರಕ್ಕೂ ಹುಟ್ಟುಹಗೆಯೇ? ಪೂರ್ಣವಾಗಿ ಹಾಗಲ್ಲವೆಂದು ನಮ್ಮ ಅಭಿಮತ.

ಕಾಲಿನ ಕೊಳವೆಯನ್ನು ನೋಡಿರಿ. ಗೋಡೆಯ ದಪ್ಪವು ಒಂದೇ ಆಗಿರಲಾಗಿ, ಅಡ್ಡಳತೆಯು 22 ಮಿಲಿಮೀಟರಿನಿಂದ 28ಕ್ಕೆ ಏರಿದರೆ ಕೊಳವೆಯ ತೂಕವು ಸುಮಾರು ಕಾಲುಪಾಲು ಹೆಚ್ಚುತ್ತದೆ. ಬಾಗುವಿಕೆಯನ್ನು ತಡೆಯುವ ಬಲವಾದರೋ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದಕಾರಣ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಅಡ್ಡಳತೆಯದು. ಎರಡನೆಯದು, ಒಂದು ಕಾಲಿನಲ್ಲಿ ಒಂದರೊಳಗೊಂದು ಸೇರುವ ಕೊಳವೆಗಳು ಎಷ್ಟು ಎಂಬುದು. ಐದಿದ್ದರೆ ಮಡಿಸಿದಾಗ ಚೀಲದಲ್ಲಿ ಮುದ್ದಾಗಿ ಕೂರುತ್ತದೆ. ಆದರೆ ನೆಲ ಮುಟ್ಟುವ ಕಡೆಯ ಕೊಳವೆಯು ಕಡ್ಡಿಯಂತೆ ಸಣ್ಣದಾಗಿ, ಭಾರವೆಲ್ಲವೂ ಅದರ ಮೇಲೆಯೇ ಬೀಳುತ್ತದೆ. ಮೂರಿದ್ದರೆ ಲೇಸು; ನಾಲ್ಕರವರೆಗೆ ಒಪ್ಪಬಹುದು.

ಕಾರ್ಬನ್ ನಾರಿನ ಕಾಲುಗಳು ಅಲ್ಯೂಮಿನಿಯಮ್ಮಿಗಿಂತ ಹಗುರವೆಂಬುದು ನಿಜ. ಕಂಪನವೂ ಅವುಗಳಲ್ಲಿ ಬೇಗ ಅಡಗುತ್ತದೆ. ಆದರೆ ಉಳಿತಾಯವೆಲ್ಲ ಕಾಲುಗಳಲ್ಲಿ ಮಾತ್ರ. ಕೀಲುಗಳೂ ತಲೆಯೂ ಎರಡರಲ್ಲಿಯೂ ಬಹುಮಟ್ಟಿಗೆ ಲೋಹದವೇ. ಮಿತವಾದ ಹಣವುಳ್ಳವರು ಕಡ್ಡಿಗಾಲಿನ ಕಾರ್ಬನ್ನಿಗಿಂತ ದಪ್ಪಗಾಲಿನ ಅಲ್ಯೂಮಿನಿಯಮ್ಮನ್ನೇ ಆರಿಸುವುದು ಮೇಲು.

ನಡುಗಂಬವನ್ನು ಮೇಲೆತ್ತಿದರೆ ಮುಕ್ಕಾಲಿಯ ಮೇಲೆ ಒಂಟಿಕಾಲನ್ನು ನಿಲ್ಲಿಸಿದಂತೆ. ಅದನ್ನು ಎತ್ತದೆಯೇ ಕ್ಯಾಮೆರಾ ನಿಮ್ಮ ಗದ್ದದ ಮಟ್ಟಕ್ಕೆ ಬಂದರೆ ಸಾಕು.

ಪೆಟ್ಟಿಗೆಯ ಮೇಲೆ ಅಚ್ಚಾದ ಭಾರದ ಅಂಕಿಯನ್ನು ನಂಬಿ ಕೊಳ್ಳಬಾರದು; ಒಬ್ಬೊಬ್ಬ ತಯಾರಕನ ಅಳತೆಗೋಲು ಒಂದೊಂದು. ಅಂಗಡಿಗೆ ನಿಮ್ಮ ಕ್ಯಾಮೆರಾವನ್ನೂ, ನಿಮ್ಮಲ್ಲಿರುವ ಅತಿ ಉದ್ದದ ಲೆನ್ಸನ್ನೂ ಒಯ್ಯಿರಿ. ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ತೆರೆಯ ಮೇಲೆ ದೂರದ ಬರಹವೊಂದನ್ನು ಹಿಗ್ಗಿಸಿ, ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿರಿ. ಅಕ್ಷರಗಳು ಒಡನೆಯೇ ನೆಲೆ ನಿಂತರೆ ವಸ್ತುವು ಉತ್ತಮ. ಬಹಳ ಹೊತ್ತು ತೂಗಾಡುತ್ತಿದ್ದರೆ ಅಂಗಡಿಯವನ ವರ್ಣನೆಯೆಲ್ಲ ವ್ಯರ್ಥ. ಲೆನ್ಸಿನ ಭಾರಕ್ಕೆ ತಲೆಯು ಮುಂದಕ್ಕೆ ಜಗ್ಗುವುದೋ ಎಂಬುದನ್ನೂ ಗಮನಿಸಿರಿ.

ಇಷ್ಟಾದರೂ ಲಾರಿಗಳು ಓಡಾಡುವ ಸೇತುವೆಯ ಮೇಲೆ ನಿಂತವರಿಗೆ ಯಾವ ಮುಕ್ಕಾಲಿಯೂ ನೆರವಾಗದು, ನೆಲವೇ ಅದುರುವುದು. ಕ್ರಿ.ಶ. 1224ರಲ್ಲಿ ಹೊಯ್ಸಳ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಂದಬೆಳಕಿನ ಮಂಟಪವು ಮುಕ್ಕಾಲಿಯನ್ನು ಬೇಡುವಂಥದು. ಆದರೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಅದನ್ನು ಹೂಡಲು ಮುಂದಾಗಿಯೇ ಅನುಮತಿ ಪಡೆದಿರಬೇಕು. ಹೊಳೆಯ ಮರಳಿನಲ್ಲಿ ನಿಲ್ಲಿಸುವವರು ಕಡೆಯ ಕೊಳವೆಯನ್ನು ಕೊಂಚವಾದರೂ ಹೊರಕ್ಕೆ ಎಳೆದಿರಲಿ, ಕೀಲು ಮರಳನ್ನು ಮುಟ್ಟದಿರಲಿ. ಮನೆಗೆ ಬಂದು ಒದ್ದೆ ಬಟ್ಟೆಯಿಂದ ಕಾಲುಗಳನ್ನು ಒರಸಿ, ಒಣಗಿದ ಮೇಲೆಯೇ ಮಡಿಸಲಿ.